ಹಸಿ ಬಣ್ಣಕ್ಕೆ ಬೆರಳು

ಮನುಷ್ಯ ಎಷ್ಟೋ ಸಂಗತಿಗಳನ್ನು ಕೇಳಿದ ಮಾತ್ರಕ್ಕೇ ನಂಬಿಬಿಡುವ ಪ್ರಾಣಿ. ಸೂರ್ಯ ಇಲ್ಲಿಂದ ಕೋಟ್ಯಂತರ ಮೈಲಿ ದೂರದಲ್ಲಿದ್ದಾನೆ ಎಂದರೆ ಅಳೆದು ನೋಡದೆ ತಲೆಯಾಡಿಸುತ್ತಾನೆ, ಈ ಹಲಸಿನ ಹಣ್ಣು ಸಕ್ಕರೆಯಂತೆ ಸಿಹಿ ಎಂದರೆ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋಗುತ್ತಾನೆ, ಹುಡುಗನಿಗೆ ಒಂದೇ ಒಂದು ದುರಭ್ಯಾಸವಿಲ್ಲ ಎಂದು ದಲ್ಲಾಳಿ ಹೇಳಿದರೆ ಮಗಳನ್ನೇ ಧಾರೆಯೆರೆದು ಕೊಡುತ್ತಾನೆ. ಆದರೆ 'ಬಣ್ಣ ಹಸಿಯಿದೆ, ಮುಟ್ಟಬೇಡಿ' ಎಂಬ ಸರಳ, ನಿರುಪದ್ರವಿ, ಯಾರಿಗೂ ಸುಳ್ಳು ಹೇಳಿ ಲಾಭವಿಲ್ಲದ ಮಾತೊಂದನ್ನು ಮಾತ್ರ ಅವನು ನಂಬಲಾರ. ತೋರುಬೆರಳು ತಾನಾಗಿಯೇ ಮುಂದೆ ಹೋಗುತ್ತದೆ, ಒಮ್ಮೆ ಒತ್ತುತ್ತದೆ, ಹಿಂದೆ ಬಂದು ಕಣ್ಣಿನೆದುರು ನಿಲ್ಲುತ್ತದೆ, ಆಮೇಲೆ ಅದನ್ನು ಎಲ್ಲಿ ಒರೆಸುವುದು ಎಂದು ಆಚೀಚೆ ನೋಡುತ್ತದೆ.

ನಾನು ವಿಜ್ಞಾನ ಕಲಿಸುತ್ತಿದ್ದ ಬೈಂದೂರಿನ ಶಾಲೆಯ ಗೇಟಿಗೆ ಒಮ್ಮೆ ಹಸಿರು ಬಣ್ಣ ಬಳಿದಾಗ, ಎಚ್ಚರಿಕೆಯ ಹಲಗೆಯನ್ನು ದುಂಡಗಿನ ಅಕ್ಷರದಲ್ಲಿ ಬರೆದು ನೇತುಹಾಕಿದವರು ನಮ್ಮ ಮುಖ್ಯೋಪಾಧ್ಯಾಯರು. ಪ್ರಾರ್ಥನೆಯ ಹೊತ್ತಿಗೆ ಅವರ ಬಿಳಿ ಪಂಚೆಯ ಅಂಚಿನಲ್ಲಿ ಒಂದು ಹಸಿರು ಬೆರಳಿನ ಗುರುತಿತ್ತು. ಮಕ್ಕಳು ನಕ್ಕರು, ನಾನು ನಗಲಿಲ್ಲ. ಏಕೆಂದರೆ ಈ ಬೆರಳೆಂಬ ಶತ್ರುವಿನ ಜೊತೆಗೆ ನನ್ನದು ಆಗಲೇ ಹಲವು ವರ್ಷಗಳ ಹಗೆತನವಾಗಿತ್ತು.

ಅದರ ಮೂಲ ತೊಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿದೆ. ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ನನ್ನ ತಮ್ಮ ರಜೆಗೆ ಬಂದವನು, ಯಾರೋ ಗಿರಾಕಿ ಮೇಜಿನ ಮೇಲೆ ಮರೆತುಹೋಗಿ ತಿಂಗಳುಗಟ್ಟಲೆ ಕಾದರೂ ಕೇಳಿಕೊಂಡು ಬಾರದ ಒಂದು ಪುಟ್ಟ ಕೆಂಪು ಕಾರನ್ನು ತಂದು ನನ್ನ ಕೈಯಲ್ಲಿಟ್ಟ. ಅಂಗೈಯಷ್ಟೇ ಉದ್ದ. ಬಾಗಿಲು ತೆರೆಯುತ್ತಿತ್ತು, ಸ್ಟೇರಿಂಗ್ ತಿರುಗುತ್ತಿತ್ತು. ಅವೆಲ್ಲ ಸರಿಯೇ, ಆದರೆ ನಾನು ಮರುಳಾದದ್ದು ಅದರ ಬಣ್ಣಕ್ಕೆ. ಆ ಕೆಂಪಿನಲ್ಲಿ ನಮ್ಮ ಮನೆಯ ಕಿಟಕಿ ನಾಲ್ಕು ಸರಳುಗಳ ಸಮೇತ ಕಾಣುತ್ತಿತ್ತು. ಮೂವತ್ತೈದು ದಾಟಿದ, ಸಂಬಳ ತರುವ, ಸಭ್ಯ ಗೃಹಸ್ಥನೊಬ್ಬ ಆಟಿಕೆ ಕಾರಿನ ಬೆನ್ನಿನಲ್ಲಿ ತನ್ನದೇ ಕಿಟಕಿಯನ್ನು ನೋಡುತ್ತ ಅರ್ಧ ಗಂಟೆ ಕೂತರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು? ನನ್ನ ಹೆಂಡತಿ ಸರೋಜ ಏನೂ ಅಂದುಕೊಳ್ಳಲಿಲ್ಲ, ಬಾಯಿಬಿಟ್ಟೇ ಹೇಳಿದಳು, "ಹ್ವಾಯ್, ಅನ್ನ ತಣ್ದ್ ಹೋತ್ತ್. ಕಾರ್ ನಿಲ್ಸಿ ಬನ್ನಿ."

ಅಂದಿನಿಂದ ಅಂಥ ಬಣ್ಣವನ್ನು ನನ್ನ ಕೈಯಾರೆ ಬರಿಸಬೇಕೆಂಬ ಹುಚ್ಚು ಹಿಡಿಯಿತು. ಜಾತ್ರೆಯಂಗಡಿಯ ಪ್ಲಾಸ್ಟಿಕ್ ಕಾರು, ಮುಂಬಯಿಯಿಂದ ತಮ್ಮ ಕಳಿಸಿಕೊಡುತ್ತಿದ್ದ ಜೋಡಿಸುವ ಕಾರು, ನೆರೆಮನೆಯ ಮಕ್ಕಳು ಆಡಿ ಬಿಸುಟ ಮೂರು ಚಕ್ರದ ಕಾರು, ಎಲ್ಲವೂ ನಮ್ಮ ಕುಂದಾಪುರದ ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ ಸೇರಿಕೊಂಡವು. ಮೊದಲು ಕುಂಚದಲ್ಲಿ ಬಳಿದೆ. ಕುಂಚದ ಗೆರೆಗಳೆದ್ದು ಕಾರು ಕಿಟಕಿಯ ಬಾಗಿಲಿನಂತಾಯಿತು. ಆಮೇಲೆ ಸ್ಪ್ರೇ ಡಬ್ಬಿಯ ಮಹಿಮೆ ತಿಳಿಯಿತು. ಪೇಟೆಯ ಹಾರ್ಡ್‌ವೇರ್ ಅಂಗಡಿಯವರು ಡಬ್ಬಿ ಕೊಡುವ ಮೊದಲು, ಯಾವ ಗಾಡಿಗೆ, ಎಷ್ಟು ಬೇಕು ಎಂದು ವ್ಯವಹಾರಸ್ಥರಾಗಿ ಕೇಳಿದಾಗ ನಾನು ಸಂಕೋಚದಿಂದ ಅಂಗೈ ತೋರಿಸಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ನನ್ನ ಅಂಗೈಯನ್ನು ನೋಡಿ, ಮುಖವನ್ನು ನೋಡಿ, ಡಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಓದುಗ ಮಿತ್ರರೇ, ಡಬ್ಬಿಯ ತಲೆ ಒತ್ತಿದರೆ ಬಣ್ಣ ಬರುತ್ತದೆ, ಬಣ್ಣ ಬಿದ್ದರೆ ಕಾರು ಹೊಳೆಯುತ್ತದೆ ಎಂದು ನೀವು ತಿಳಿದಿದ್ದರೆ ನೀವು ಸುಖಿಗಳು. ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ರವೆಯಂತೆ ಉದುರುತ್ತದೆ, ಹತ್ತಿರದಿಂದ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ, ಹದವಾಗಿ ಹೊಡೆದರೆ ಹೆದ್ದಾರಿಯಿಂದ ಲಾರಿಯೊಂದು ಹಾದುಹೋಗಿ ತನ್ನ ಧೂಳಿನ ಪಾಲನ್ನು ಕಳಿಸಿಕೊಡುತ್ತದೆ. ಮೊದಲ ವರ್ಷ, ಆಸಾಡಿಯ ಮಳೆಯಲ್ಲಿ ಹೊರಗೆ ಹೋಗಲಾಗದೆ ಕೂತವನು ಹೇಗೂ ಬಿಡುವಿದೆಯೆಂದು ಒಂದು ನೀಲಿ ಕಾರಿಗೆ ಬಣ್ಣ ಹೊಡೆದೆ. ಗಾಳಿಯಲ್ಲಿದ್ದ ನೀರೆಲ್ಲ ಬಣ್ಣದೊಳಗೆ ಸೇರಿ, ಕಾರು ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಬೆಳ್ಳಗಾಯಿತು. ಅದು ಆರ್ದ್ರತೆಯ ಪರಿಣಾಮವೆಂದು ಒಂಬತ್ತನೇ ತರಗತಿಗೆ ಪಾಠ ಮಾಡುವ ನನಗೆ ಹೊಳೆಯಲು ಮೂರು ಕಾರುಗಳು ಬಲಿಯಾಗಬೇಕಾಯಿತು.

ಒಣಗಿಸುವ ಜಾಗವೂ ಸಮಸ್ಯೆಯೇ. ಜಗಲಿಯಲ್ಲಿ ಇಟ್ಟರೆ ಸೊಳ್ಳೆ, ಅಟ್ಟದಲ್ಲಿ ಇಟ್ಟರೆ ಇಲಿ. ಮನೆಯಲ್ಲಿ ಧೂಳಿಲ್ಲದ ಒಂದೇ ಒಂದು ಸ್ಥಳವೆಂದರೆ ದೇವರ ಕೋಣೆ ಎಂದು ಕಂಡುಹಿಡಿದು, ಸರೋಜ ತವರಿಗೆ ಹೋದ ದಿನ ಒಂದು ಹಳದಿ ಕಾರನ್ನು ದೇವರ ಪಕ್ಕದಲ್ಲಿ ಪ್ರತಿಷ್ಠಾಪಿಸಿದೆ. ಅವಳು ಸಂಜೆ ಬಂದವಳೇ ಕತ್ತಲಲ್ಲಿ ಊದುಬತ್ತಿ ಹಚ್ಚಿದಳು. ಬೂದಿ ಸರಿಯಾಗಿ ಬಾನೆಟ್ಟಿನ ಮೇಲೆ ಬಿತ್ತು. ದೇವರು ಒಪ್ಪಿದರೂ ಪೂಜಾರಿ ಒಪ್ಪಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಇಷ್ಟೆಲ್ಲ ಗಂಡಾಂತರಗಳನ್ನು ದಾಟಿ ಬಂದ ಕಾರಿಗೆ ಕೊನೆಯದಾಗಿ ಎದುರಾಗುತ್ತಿದ್ದುದು ಆ ಬೆರಳು. ಸರೋಜಳ ತೋರುಬೆರಳು. ಅವಳಿಗೆ ನನ್ನ ಕಾರುಗಳ ಮೇಲೆ ದ್ವೇಷವಿರಲಿಲ್ಲ, ವಿಶೇಷ ಪ್ರೀತಿಯೂ ಇರಲಿಲ್ಲ. ಬಟ್ಟೆ ಒಣಗಿತೇ, ಹಪ್ಪಳ ಒಣಗಿತೇ, ಸಂಡಿಗೆ ಒಣಗಿತೇ ಎಂದು ದಿನವಿಡೀ ಮುಟ್ಟಿ ನೋಡುವ ಕೈಗೆ ಅದೊಂದು ಕೆಲಸ ಹೆಚ್ಚಾಗಿತ್ತು ಅಷ್ಟೆ. ಹೀಗೆ ಒಂದಾದ ಮೇಲೊಂದು ಐದು ಕಾರುಗಳ ಮೇಲೆ ಅವಳ ಬೆರಳಚ್ಚು ಶಾಶ್ವತವಾಯಿತು. ನಾನು ಹಾರಾಡಿದಾಗ ಅವಳ ಉತ್ತರ ಪ್ರತಿಬಾರಿಯೂ ಒಂದೇ. "ಒಣ್ಗಿತಾ ಕಂಡದ್ದಷ್ಟೆ ಮರ್ರೆ. ಅದ್ಕ್ ಎಂತಕ್ಕೆ ಹಿಂಗ್ ಮಾಡ್ತ್ರಿ?"

ಆದರೆ ಬೆರಳೂ ಇಲ್ಲದೆ, ಧೂಳೂ ಇಲ್ಲದೆ, ಮಳೆಯೂ ಇಲ್ಲದೆ ಬಂದ ಇನ್ನೊಂದು ಪೀಡೆಯಿತ್ತು. ಬಣ್ಣ ಬಿದ್ದ ಕ್ಷಣದಲ್ಲೇ ಅದು ಅಲ್ಲಲ್ಲಿ ಹಿಂದೆ ಸರಿದು, ಸಿಡುಬಿನ ಕಲೆಯಂಥ ಪುಟ್ಟ ಪುಟ್ಟ ಕುಳಿಗಳಾಗುತ್ತಿದ್ದವು. ಡಬ್ಬಿ ಬದಲಿಸಿದೆ, ಅಂಗಡಿ ಬದಲಿಸಿದೆ, ಕಾರಿನ ಬಣ್ಣ ಬದಲಿಸಿದೆ, ಕುಳಿ ಬದಲಾಗಲಿಲ್ಲ. ಕೊನೆಗೆ ಕುಳಿಬಿದ್ದ ಒಂದು ಕಾರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬ್ರಹ್ಮಾವರದಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ಇಟ್ಟುಕೊಂಡಿದ್ದ ಲಾರೆನ್ಸ್ ಎಂಬವರ ಬಳಿಗೆ ಹೋದೆ. ಅವರು ಆಗ ಒಂದು ಲಾರಿಯ ಮುಂಭಾಗಕ್ಕೆ ಬಣ್ಣ ಹೊಡೆಯುತ್ತಿದ್ದರು. ನನ್ನ ಕಾರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ನನ್ನತ್ತ ತಿರುಗಿದರು.

"ಮಾಷ್ಟ್ರೆ, ಬಣ್ಣ ಹೊಡುಕ್ ಮೊದ್ಲ್ ಇದ್ಕ್ ಎಂತ ಸವ್ರಿದ್ರಿ?"

ನಾನು ಸತ್ಯವಂತನಾದ್ದರಿಂದ ಹೇಳಿದೆ. ಉಜ್ಜುಕಾಗದದಿಂದ ತಿಕ್ಕಿದ ಮೇಲೆ ಮೈ ಬೂದುಬೂದಾಗಿ ಕಾಣುತ್ತದಲ್ಲ, ಅದು ಚೆನ್ನಾಗಿ ಬೆಳಗಲೆಂದು ಒಂದು ಹನಿ ತೆಂಗಿನೆಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಒರೆಸಿ, ಆಮೇಲೆ ಬಣ್ಣ ಹೊಡೆಯುತ್ತಿದ್ದೆ. ಇದರಲ್ಲಿ ತಪ್ಪೇನೆಂದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಕಡೆ ಹುಟ್ಟಿದ ಮಗುವಿನಿಂದ ಹಿಡಿದು ಬಾಗಿಲಿನ ತಿರುಗಣೆಯವರೆಗೆ, ಹಿತ್ತಾಳೆ ದೀಪದ ಕಂಬದಿಂದ ಹಿಡಿದು ಅಜ್ಜನ ಊರುಗೋಲಿನವರೆಗೆ, ಹೊಳೆಯಬೇಕಾದದ್ದಕ್ಕೆಲ್ಲ ತೆಂಗಿನೆಣ್ಣೆ ಹಚ್ಚುವುದೇ ಕ್ರಮ. ಕಾರೊಂದು ಏನು ಪಾಪ ಮಾಡಿತ್ತು? ಲಾರೆನ್ಸರು ಲಾರಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಸ್ಮಿಯೂ ಕರ್ಬೇವೂ ಹಾಕಿರೆ ಒಗ್ಗರ್ಣಿಯೇ ಆತಿತ್ತ್, ಅಲ್ದಾ?" ಎಂದರು. ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲವಂತೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂದು ಕರಿಹಲಗೆಯ ಮೇಲೆ ಹನ್ನೆರಡು ವರ್ಷ ಬರೆದ ಕೈ ನನ್ನದು.

ಅಂದಿನಿಂದ ನಾನು ಅವರ ಶಿಷ್ಯನಾದೆ. ಶಾಲೆಗೆ ರಜೆಯಿದ್ದ ದಿನ ಬಸ್ಸು ಹತ್ತಿ ಹೋಗಿ, ಗ್ಯಾರೇಜಿನ ಮೂಲೆಯ ಟೈರಿನ ಮೇಲೆ ಕೂತು ನೋಡುತ್ತಿದ್ದೆ. ಸಾಬೂನು ನೀರಿನಲ್ಲಿ ತೊಳೆದು ಬರಿಗೈ ತಾಗಿಸದಿರುವುದು, ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವುದು, ಒಂದು ಗೇಣು ದೂರದಿಂದ, ಕಾರಿನ ಆಚೆ ಶುರುಮಾಡಿ ಈಚೆ ದಾಟಿಸಿ ಬೀಸುವುದು, ಮಂಜಿನಂಥ ತೆಳು ಪದರದ ಮೇಲೆ ಪದರ ಕೂರಿಸುವುದು, ವಾರ ಬಿಟ್ಟು ನೀರು ಹಾಕಿ ನಯವಾದ ಕಾಗದದಲ್ಲಿ ತಿಕ್ಕುವುದು, ಎಲ್ಲವನ್ನೂ ಅವರು ಹೇಳಿಕೊಡಲಿಲ್ಲ, ಮಾಡಿ ತೋರಿಸಿದರು. ಹೇಳಿದ್ದು ಎರಡೇ ಮಾತು. ಒಂದು, "ಹೊಡುದ್ ಕಾಲ್ ಭಾಗ ಮಾಷ್ಟ್ರೆ, ಕಾಯುದ್ ಮುಕ್ಕಾಲ್." ಇನ್ನೊಂದು, ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಗಾಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಇಟ್ಟು ನೋಡಬೇಕು; ಬಣ್ಣದಲ್ಲಿ ಟ್ಯೂಬ್‌ಲೈಟ್ ನೆಟ್ಟಗೆ ಕಂಡರೆ ಮುಗಿಯಿತು, ಹಾವಿನಂತೆ ಕಂಡರೆ ಮತ್ತೆ ತಿಕ್ಕಬೇಕು. ನನ್ನ ಕಾರುಗಳಲ್ಲಿ ಬಹುಕಾಲ ಹಾವೇ ಕಂಡಿತು.

ಇಷ್ಟು ಹೊತ್ತು ಅಂಗೈಯಗಲದ ಕಾರುಗಳ ಸುದ್ದಿಯಾಯಿತು. ಈಗ ನಿಜವಾದ ಕಾರೊಂದನ್ನು ರಸ್ತೆಗೆ ತರಬೇಕು.

ಸರೋಜಳ ಸೋದರಮಾವ ಗಣಪಯ್ಯನವರು ಬೈಂದೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಕಪ್ಪು ಅಂಬಾಸಿಡರ್. ದಿನಾ ಬೆಳಿಗ್ಗೆ ಸ್ನಾನ ಅವರಿಗಿಂತ ಮೊದಲು ಕಾರಿಗೆ. ಒರೆಸಿ ಒರೆಸಿ ಅದರ ಬಾಗಿಲು ಎಷ್ಟು ಹೊಳೆಯುತ್ತಿತ್ತೆಂದರೆ, ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವ ಹೆಂಗಸರು ಅದರ ಎದುರು ನಿಂತು ಕುಂಕುಮ ಸರಿಮಾಡಿಕೊಳ್ಳುತ್ತಿದ್ದರು. ನನ್ನ ಮದುವೆಯ ದಿಬ್ಬಣ ಬಂದದ್ದೂ ಅದರಲ್ಲೇ. ಬಾಸಿಂಗ ಕಟ್ಟಿಕೊಂಡು ಕಾರು ಹತ್ತಲು ಹೋದ ಮದುಮಗನಾದ ನನ್ನನ್ನು ಬಿಸಿಲಿನಲ್ಲೇ ನಿಲ್ಲಿಸಿ, ಬಾಗಿಲ ಮೇಲೆ ಯಾರೋ ಕೈಯಿಟ್ಟ ಗುರುತನ್ನು ಉಸಿರು ಬಿಟ್ಟು ಒರೆಸಿ ತೆಗೆದು, ಆಮೇಲೆ "ಕೂಕಣಿ" ಎಂದವರು ಅವರು. ಬೆರಳಿನ ವಿಷಯದಲ್ಲಿ ನನಗಿಂತ ಮೊದಲೇ ಜ್ಞಾನೋದಯವಾದ ಮನುಷ್ಯ. ಹಾಗಾಗಿ ನನ್ನ ಹುಚ್ಚನ್ನು ಆ ಬಂಧುಬಳಗದಲ್ಲಿ ಗೌರವದಿಂದ ಕಂಡವರೂ ಅವರೊಬ್ಬರೇ. ಶಾಲೆ ಬಿಟ್ಟ ಮೇಲೆ ನಾನು ಅವರ ಕಾರಿಗೆ ಒರಗದಂತೆ ಎಚ್ಚರವಹಿಸಿ ಪಕ್ಕದಲ್ಲಿ ನಿಂತು, ಬಸ್ಸು ಬರುವವರೆಗೆ ಹೊಳಪಿನ ಬಗ್ಗೆ ಮಾತಾಡುತ್ತಿದ್ದೆ.

ಮುಂದೆ ಒಂದು ದಿನ, ಎರಡು ಸಾವಿರದ ಏಳೋ ಎಂಟೋ ಇರಬೇಕು, ಹಂಗಾರಕಟ್ಟೆಯ ಬಂಧುಗಳ ಮನೆಯ ಉಪನಯನ ಮುಗಿಸಿ ಗಣಪಯ್ಯ ಮಾವನ ಕಾರಿನಲ್ಲೇ ವಾಪಸಾಗುತ್ತಿದ್ದೆವು. ಮುಂದಿನ ಸೀಟಿನಲ್ಲಿ ನಾನು. ಹೊತ್ತು ಮುಳುಗುತ್ತಿತ್ತು. ಎದುರಿನಿಂದ ಒಂದು ಸೈಕಲ್ ಬರುತ್ತಿತ್ತು, ಹಿಂದಿನ ಕ್ಯಾರಿಯರಿನಲ್ಲಿ ಒಂದು ಹೆಣ್ಣುಮಗು ಅಪ್ಪನ ಸೊಂಟ ಹಿಡಿದು ಕೂತಿತ್ತು. ಮಾವನ ಕಾರು ಸರಿಯಲಿಲ್ಲ. ನಾನು ಕೂಗಿದೆ. ಸೈಕಲ್ಲಿನವನೇ ಮಣ್ಣಿಗೆ ಇಳಿಸಿಕೊಂಡ. ಯಾರಿಗೂ ಏನೂ ಆಗಲಿಲ್ಲ, ಮಾವ ಸ್ಟೇರಿಂಗನ್ನು ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಮರುದಿನ ಅವರ ಮನೆಯಲ್ಲೇ ಇದ್ದ ಅವರ ಮಗಳು ಜಯಂತಿಯನ್ನು ಕಂಡು, ಮಾವನಿಗೆ ಕಣ್ಣು ಕಾಣುತ್ತಿಲ್ಲ, ಇನ್ನು ಕಾರು ಬೇಡ ಎಂದು ಹೇಳಿಬಂದೆ. ತಿಂಗಳೊಳಗೆ ಕಾರನ್ನು ಯಾರೋ ಭಟ್ಕಳದ ಕಡೆಯವರು ಒಯ್ದರು. ಮಾವ ನನ್ನೊಡನೆ ಮಾತು ಬಿಟ್ಟರು.

ಮಾತು ಬಿಡುವುದೆಂದರೆ ಬೈಯುವುದಲ್ಲ. ಹೋದರೆ ಜಯಂತಿ ಕಾಫಿ ಕೊಡುತ್ತಿದ್ದಳು, ಮಾವ ಎದ್ದು ಒಳಗೆ ಹೋಗುತ್ತಿದ್ದರು. ಆಮೇಲೆ ಅವರ ಕಣ್ಣಿಗೆ ಆಪರೇಷನ್ ಆಯಿತು. ಆದರೆ ತಡವಾಗಿತ್ತು, ನೆರಳು ಬೆಳಕು ಮಾತ್ರ ತಿಳಿಯುವಷ್ಟು ದೃಷ್ಟಿ ಉಳಿಯಿತು. ಆಗ ನೋಡಲು ಹೋದಾಗ ನನ್ನ ದನಿ ಕೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೇಳಿದ್ದು ಸರಿ ಎಂದು ಎಲ್ಲರೂ ಹೇಳುತ್ತಿದ್ದರು. ಸರಿಯಾದದ್ದನ್ನು ಹೇಳಿದ ಸಮಾಧಾನ ಮಾತ್ರ ನನಗೆ ಒಂದು ದಿನವೂ ಸಿಗಲಿಲ್ಲ. ತಾಯಿಯಿಲ್ಲದ ಸರೋಜಳಿಗೆ ತವರೆಂದು ಉಳಿದಿದ್ದುದು ಆ ಮನೆಯೊಂದೇ. ಅವಳು ಅಲ್ಲಿಗೆ ಒಬ್ಬಳೇ ಹೋಗಿ ಒಬ್ಬಳೇ ಬರತೊಡಗಿದಳು. ಮೂರು ವರ್ಷ ಹೀಗೇ ಹೋಯಿತು.

ಆ ಹೊತ್ತಿಗೆ ಕುಂದಾಪುರದ ಆಟಿಕೆಯಂಗಡಿಯೊಂದರಲ್ಲಿ ಪ್ಲಾಸ್ಟಿಕ್ಕಿನ ಬಿಳಿ ಅಂಬಾಸಿಡರ್ ಕಂಡಿತು. ಕಂಡ ಕೂಡಲೇ ಏನು ಮಾಡಬೇಕೆಂದು ತಿಳಿದುಹೋಯಿತು. ಕ್ಷಮೆ ಕೇಳಲು ಮಾತು ಬಾರದವರು ಹಣ್ಣು ಕೊಂಡೊಯ್ಯುತ್ತಾರೆ. ನಾನು ಕಾರು ಕೊಂಡೊಯ್ಯುವುದೆಂದು ನಿಶ್ಚಯಿಸಿದೆ. ಅದು ಮಾವನ ಕಾರಿನಂತೆಯೇ ಹೊಳೆಯಬೇಕಿತ್ತು, ಕೂದಲೆಳೆಯಷ್ಟೂ ಕಡಿಮೆಯಾಗಬಾರದು. ಕಪ್ಪು ಬಣ್ಣ ಮಾತ್ರ ಬಹಳ ಚಾಡಿಕೋರ. ಬೇರೆ ಬಣ್ಣ ಮುಚ್ಚಿಡುವ ತಪ್ಪನ್ನೆಲ್ಲ ಅದು ಎತ್ತಿ ತೋರಿಸುತ್ತದೆ.

ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ಕಾದೆ. ಮೊದಲ ಪದರ ಹೊಡೆಯುವ ಭಾನುವಾರಕ್ಕೆ ಮುಂಚೆ ಸರೋಜಳನ್ನು ಕೂರಿಸಿಕೊಂಡು, ಆ ಒಂದು ದಿನ ಮನೆಯಲ್ಲಿ ಒಗ್ಗರಣೆ ಬೇಡ, ತಲೆಗೆ ಎಣ್ಣೆ ಬೇಡ, ದೋಸೆಯೂ ಬೇಡ ಎಂದು ವಿನಂತಿಸಿದೆ. ಇದು ನಮ್ಮ ಊರಿನಲ್ಲಿ ಗ್ರಹಣದ ದಿನವೂ ಯಾರೂ ಕೇಳದ ನಿಯಮ. ಬೈಗುಳ ನಿರೀಕ್ಷಿಸಿದ್ದೆ. ಅವಳು ಕಾರನ್ನು ನೋಡಿದಳು, ಯಾರದ್ದೆಂದು ಕೇಳಲಿಲ್ಲ. "ಅಕ್ಕಿ ಗಂಜಿ ಮಾಡ್ತೆ, ಉಪ್ಪಿನ್ಕಾಯ್ ಇತ್ತ್," ಎಂದಷ್ಟೇ ಹೇಳಿ, ಸೆರಗನ್ನು ತಲೆತುಂಬ ಹೊದ್ದುಕೊಂಡು ಒಳಗೆ ಹೋದಳು.

ಆರು ಪದರ ಕಪ್ಪು, ನಾಲ್ಕು ಪದರ ಗಾಜಿನಂಥ ಮೇಲ್ಬಣ್ಣ. ನಡುನಡುವೆ ನೀರಿನಲ್ಲಿ ತಿಕ್ಕುವುದು, ಮತ್ತೆ ಕಾಯುವುದು. ತೊಳೆದ ಬಿದಿರಿನ ಹೆಡಿಗೆಯನ್ನು ಕವುಚಿ, ಧೂಳು ಬೀಳದಂತೆ ಮೇಲೆ ಒಣ ಬಟ್ಟೆ ಹೊದಿಸಿ, ಅದರೊಳಗೆ ಕಾರನ್ನು ಒಣಗಿಸಿದೆ. ಡಿಸೆಂಬರಿನಲ್ಲಿ ಶುರುವಾದ ಕೆಲಸ ಶಿವರಾತ್ರಿಯ ಹೊತ್ತಿಗೆ ಮುಗಿಯಿತು. ಟ್ಯೂಬ್‌ಲೈಟ್ ಹಚ್ಚಿದೆ. ಕಾರಿನ ಛಾವಣಿಯಲ್ಲಿ ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಅಡ್ಡಾದಿಡ್ಡಿಯಿಲ್ಲದೆ ನೆಟ್ಟಗೆ ಇತ್ತು. ಹದಿಮೂರು ವರ್ಷಗಳಲ್ಲಿ ಮೊದಲ ಬಾರಿ. ಸರೋಜ ಬಂದು ನಿಂತಳು. ಅವಳ ಬಲಗೈ ಮೇಲೆದ್ದಿತು, ಅರ್ಧ ದಾರಿಯಲ್ಲಿ ನಿಂತಿತು, ಹಿಂದಕ್ಕೆ ಹೋಗಿ ಸೆರಗಿನ ತುದಿ ಹಿಡಿದುಕೊಂಡಿತು. ಅವಳು ಮುಟ್ಟಲಿಲ್ಲ. ಆ ಕಾರಿನ ಮೇಲೆ ಅವಳಿಗೂ ನನ್ನಷ್ಟೇ ಆಸೆಯಿದೆಯೆಂದು ನನಗೆ ತಿಳಿದದ್ದು ಆಗ.

ಮರುದಿನ ಲಾಡಿನ ಡಬ್ಬದಲ್ಲಿ ಹತ್ತಿ ಹಾಸಿ ಕಾರನ್ನು ಮಲಗಿಸಿ, ಇಬ್ಬರೂ ಬೈಂದೂರಿನ ಬಸ್ಸು ಹತ್ತಿದೆವು. ಮರವಂತೆಯಲ್ಲಿ ಎಲ್ಲರೂ ಕಡಲು ನೋಡಿದರು, ನಾನು ಡಬ್ಬ ನೋಡುತ್ತಿದ್ದೆ.

ಮಾವ ಜಗಲಿಯ ಕುರ್ಚಿಯಲ್ಲಿದ್ದರು. ನನ್ನ ಚಪ್ಪಲಿಯ ಸದ್ದಿಗೇ ಏಳಲು ಹೊರಟರು. ನಾನು ಕಾರನ್ನು ಅವರ ಅಂಗೈಯಲ್ಲಿ ಇಟ್ಟೆ. ಮಾವ ಹಾಗೆಯೇ ಕೂತರು. ಬಲಗೈಯ ತೋರುಬೆರಳು ಬಾನೆಟ್ಟಿನ ಉಬ್ಬಿನ ಮೇಲಿಂದ ನಿಧಾನವಾಗಿ ಏರಿ, ಗಾಜು ದಾಟಿ, ಛಾವಣಿಯ ಮೇಲೆ ಹಾದು, ಹಿಂದಕ್ಕೆ ಇಳಿಯಿತು. ಬಾಗಿಲಿಗೆ ಬಂದಿತು. ಹಿಡಿಯನ್ನು ಹುಡುಕಿತು. ಹೊಳಪೆಂಬುದು ಕಣ್ಣಿಗೆ ಸಂಬಂಧಿಸಿದ್ದೆಂದು ತಿಳಿದು ಮೂರು ತಿಂಗಳು ದುಡಿದ ನಾನು, ನೋಡಲಾರದ ಮನುಷ್ಯನಿಗೆ ಹೊಳಪನ್ನು ತಂದು ಕೊಟ್ಟಿದ್ದೇನೆಂದು ಆ ಗಳಿಗೆಯಲ್ಲಿ ಮನವರಿಕೆಯಾಗಿ ನಾಚಿಕೆಯಿಂದ ಕುಗ್ಗಿಹೋದೆ. ಆದರೆ ಬೆರಳು ಹೋಗುತ್ತಲೇ ಇತ್ತು. ಹಿಂದಿನ ಗಾಜಿನ ಮೂಲೆಗೆ ಬಂದು ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂದಿತು.

"ಮಾಷ್ಟ್ರೆ, ಇಲ್ಲ್ ಎಂತದೋ ಇತ್ತಲೆ?"

ಮೂರು ವರ್ಷಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು. ನಾನು ತಡವರಿಸಿ, ಏನೂ ಇಲ್ಲ ಮಾವ ಎಂದೆ.

"ಸಮಾ ಕಾಣಿ. ನಿಮ್ಗ್ ಕಣ್ಣ್ ಇತ್ತಲೆ."

ಅಂಗಳಕ್ಕೆ ಇಳಿದು ಬಿಸಿಲಿಗೆ ಹಿಡಿದೆ. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ತಿಕ್ಕುವ ಕಾಗದ ತಲುಪದ ಆ ಮೂಲೆಯಲ್ಲಿ, ಮೇಲ್ಬಣ್ಣದ ಅಡಿಯಲ್ಲಿ, ಒಂದು ಸೊಳ್ಳೆಯ ಕಾಲು. ಇಡೀ ಸೊಳ್ಳೆಯಲ್ಲ, ಒಂದೇ ಒಂದು ಕಾಲು. ತಿಂಗಳುಗಟ್ಟಲೆ ನೋಡಿದ ನನ್ನ ಎರಡು ಕಣ್ಣಿಗೂ ಬೀಳದ್ದು.

"ಸೊಳ್ಳಿ ಕಾಲ್, ಮಾವ."

ಗಣಪಯ್ಯ ಮಾವ ಕುರ್ಚಿಯ ಹಿಡಿಗೆ ಬಡಿದು ನಕ್ಕರು. ಒಳಗಿದ್ದ ಜಯಂತಿ, ಸರೋಜ ಇಬ್ಬರೂ ಬಾಗಿಲಿಗೆ ಬಂದರು. "ನಂಗ್ ಕಣ್ಣ್ ಕಾಂತಿಲ್ಲೆ ಅಂದದ್ದ್ ನೀವೇ ಅಲ್ದಾ ಮಾಷ್ಟ್ರೆ? ಈಗ ಯಾರಿಗ್ ಕಾಂತಿಲ್ಲೆ?" ಎಂದು ಕೇಳಿ ಮತ್ತೆ ನಕ್ಕರು. ನಾನು ಅಂಗಳದಲ್ಲಿ ಆರೋಪಿಯಂತೆ ನಿಂತು ನಕ್ಕೆ. ಆ ಸೊಳ್ಳೆಗೆ ನಾನು ಎಂದೆಂದಿಗೂ ಋಣಿ.

ಅವರ ನಗು ಮುಗಿಯಿತು. ಆಮೇಲೆ, ಕಾರಿಲ್ಲದ ಅಂಗೈಯನ್ನು ತೊಡೆಯ ಮೇಲೆ ಉಜ್ಜುತ್ತ, ತಗ್ಗಿದ ದನಿಯಲ್ಲಿ ಹೇಳಿದರು. "ಆ ದಿನ ಆ ಸೈಕಲ್ ನಾನ್ ಕಾಣ್ಲೇ ಇಲ್ಲೆ. ಬದಿಂದ ದಾಟಿ ಹೋದ್ ಮೇಲೆ ಗಂಟಿ ಶಬ್ದ ಕೇಂಡದ್ದ್. ಅದ್ರಗೆ ಒಂದ್ ಹೆಣ್ಣ್ ಮಗು ಇತ್ತ್ ಅಂದ್ಹೇಳಿ ಮತ್ತ್ ಜಯಂತಿ ಹೇಳಿ ಗೊತ್ತಾದ್ದ್." ನಾನಿದ್ದ ಕಡೆಗೆ ತಿರುಗಿ ಕೂತರು. "ನೀವ್ ಹೇಳದ್ದ್ ಸಮವೇ. ಆರೆ ಮಾಷ್ಟ್ರೆ, ನಂಗ್ ಹೇಳ್ಕಿತ್ತ್. ಮಗ್ಳಿಗ್ ಹೇಳಿ ಹೋದ್ರಿ."

ಅದು ನಿಜವಾಗಿತ್ತು. ಎಷ್ಟೋ ಸಂಜೆ ಅವರ ಪಕ್ಕದಲ್ಲಿ ನಿಂತು ಲೋಕಾಭಿರಾಮ ಮಾತಾಡಿದ ನಾನು, ಹೇಳಲೇಬೇಕಾದ ಒಂದು ಮಾತನ್ನು ಅವರ ಬೆನ್ನ ಹಿಂದೆ ಹೇಳಿದ್ದೆ. ಎದುರು ಹೇಳಲು ಹೆದರಿದ್ದೆ, ಅಷ್ಟೇ. ಅವರಿಗೆ ನೋವಾದದ್ದು ಕಾರು ಹೋದದ್ದಕ್ಕಲ್ಲ. ಎಣ್ಣೆ ಸವರಿದ ಮೈಯ ಮೇಲೆ ಬಣ್ಣ ಹೊಡೆದು ಕುಳಿ ಯಾಕೆ ಬಂತೆಂದು ಡಬ್ಬಿಯನ್ನು ದೂರುತ್ತಿದ್ದ ನನಗೆ ಇದು ಅರ್ಥವಾಗಲು ಮೂರು ವರ್ಷ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ತಪ್ಪಾಯಿತು ಮಾವ ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ, ಕೈ ಮಾತ್ರ ಚಾಚಿದರು. ಕಾರನ್ನು ಕೊಟ್ಟೆ. ಮತ್ತೊಮ್ಮೆ ಆ ಮೂಲೆಯನ್ನು ಮುಟ್ಟಿ ನೋಡಿ, ಡಬ್ಬಕ್ಕೆ ಹಾಕಿ ವಾಪಸು ಕೊಟ್ಟು ಹೇಳಿದರು, "ಸಮ ಮಾಡ್ಕಂಡ್ ಬಪ್ಪ ಐತಾರ ಬನ್ನಿ."

ಮುಂದಿನ ಭಾನುವಾರ ಸೊಳ್ಳೆಯ ಕಾಲಿಲ್ಲದ ಕಾರು ಹೋಯಿತು. ಎಡಗಡೆಯ ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ದಪ್ಪವಾಗಿದೆಯೆಂದು ಅದು ವಾಪಸು ಬಂತು. ಅದರ ಮುಂದಿನ ಸಲ ಬಾಗಿಲಿನ ಗೆರೆ ತುಂಬಿಹೋಗಿದೆಯೆಂದು ಬಂತು. ಪ್ರತಿಸಲವೂ ಕಾಫಿ, ಅವಲಕ್ಕಿ, ರಸ್ತೆಯ ಕತೆಗಳು. ಸರೋಜ ಈಗ ತವರಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಇದನ್ನೆಲ್ಲ ಕೇಳಿದ ಲಾರೆನ್ಸರು, ಆ ಮುದುಕರನ್ನು ತಮ್ಮ ಗ್ಯಾರೇಜಿಗೆ ಸಂಬಳಕ್ಕೆ ಕಳಿಸಿಕೊಡಿ ಎಂದರು.

ಹೀಗಿರುವಾಗ ಒಂದು ಶನಿವಾರ ಕೊನೆಯ ಪದರ ಹೊಡೆದು, ಹೆಡಿಗೆ ಕವುಚುವ ಮೊದಲು ಕಾರನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೂಲೆ, ಅಂಚು, ಗೆರೆ, ಹಿಡಿ. ಒಂದು ದೋಷವೂ ಇರಲಿಲ್ಲ. ಯಾವ ಬೆರಳಿಗೂ ಏನೂ ಸಿಗಲಾರದು. ಇಂಥದೊಂದು ಕಾರಿಗಾಗಿ ತಾನೇ ಇಷ್ಟು ವರ್ಷ ಒದ್ದಾಡಿದ್ದು? ಆದರೂ ನನಗೆ ಖುಷಿಯಾಗಲಿಲ್ಲ. ನಾಳೆ ಮಾವ ಇದನ್ನು ಒಪ್ಪಿ ಕಪಾಟಿನಲ್ಲಿ ಇಟ್ಟುಬಿಟ್ಟರೆ ಮುಂದಿನ ಭಾನುವಾರ ಏನು ನೆಪ ಹೇಳಿಕೊಂಡು ಬಸ್ಸು ಹತ್ತುವುದು? ಬಣ್ಣ ಇನ್ನೂ ಹಸಿಯಿತ್ತು. ಸರೋಜ ಒಳಗಿದ್ದಳು. ಆಚೀಚೆ ನೋಡಿ, ತೋರುಬೆರಳು ಚಾಚಿ, ಹಿಂದಿನ ಡಿಕ್ಕಿಯ ಮೇಲೆ ಮೆತ್ತಗೆ ಒಂದು ಸಲ ಒತ್ತಿದೆ.

ಮರುದಿನ ಮಾವನ ಬೆರಳು ಬಾನೆಟ್ಟು, ಛಾವಣಿ, ಗಾಜಿನ ಮೂಲೆ ಎಲ್ಲವನ್ನೂ ದಾಟಿ ಅಲ್ಲಿಗೆ ಬಂದು ನಿಂತಿತು. ಆ ಗುರುತಿನ ಮೇಲೆ ತಮ್ಮ ಬೆರಳನ್ನು ಇಟ್ಟು ಅಳತೆ ನೋಡಿದರು. ಮೀಸೆಯಡಿಯಲ್ಲಿ ನಗು ಕಾಣಿಸಿಕೊಂಡಿತು.

"ಇದ್ ಯಾರ್ ಬೆರ್ಳ್ ಮಾಷ್ಟ್ರೆ? ಸರೋಜನ್ದಲ್ಲ. ಇಷ್ಟ್ ದಪ್ಪ ಇಲ್ಲೆ ಅವ್ಳದ್ದ್."

"ನಂದೇ ಮಾವ," ಎಂದೆ. "ಒಣ್ಗಿತಾ ಕಂಡದ್ದಷ್ಟೆ."